ಚಿತ್ರ ಬರೆಸಿಕೊಂಡ ನಾಯಿಗಳು

ನಾಯಿಯ ಚಿತ್ರ ಬರೆಸಲು ಬರುವವರು ಮೊದಲು ಅಳತೆಯ ಮಾತೂ ಆಡುವುದಿಲ್ಲ, ದರದ ಮಾತೂ ಆಡುವುದಿಲ್ಲ. “ಎಡಗಿವಿ ಸ್ವಲ್ಪ ಮಡಚಿಕೊಂಡಿರುತ್ತೆ ಸಾರ್, ಅದು ಬರಲೇಬೇಕು” ಅನ್ನುತ್ತಾರೆ. ಅವರಿಗೆ ಬೇಕಾದದ್ದು ಚೆಂದದ ನಾಯಿಯಲ್ಲ, ತಮ್ಮ ನಾಯಿ. ಮೈಸೂರಿನಲ್ಲಿ ಈ ಕೆಲಸ ಮಾಡಿಕೊಂಡೇ ಬದುಕುತ್ತಿರುವ ನನಗೆ ವಾಟ್ಸಾಪಿನಲ್ಲಿ ಬರುವ ಫೋಟೊಗಳು ಹೆಚ್ಚಾಗಿ ನಿಂತುಕೊಂಡು ಮೇಲಿನಿಂದ ತೆಗೆದವು. ಹಾಗೆ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ. ನೆಲದ ಮೇಲೆ ಕೂತು, ಕಿಟಕಿ ಬೆಳಕಿನಲ್ಲಿ ಇನ್ನೊಂದು ತೆಗೆದು ಕಳಿಸಿ ಎಂದು ಕೇಳುತ್ತೇನೆ. ತೀರಿಕೊಂಡ ನಾಯಿಯಾದರೆ ಇದ್ದ ಫೋಟೊ ಇಟ್ಟುಕೊಂಡು, ಉಳಿದದ್ದನ್ನು ಮನೆಯವರ ಬಾಯಿಂದಲೇ ತಿಳಿದುಕೊಳ್ಳಬೇಕು.

ಹೀಗೆ ಹೇಳಿ ಬರೆಸಿಕೊಂಡವರಲ್ಲಿ ವೆನಿಸ್ಸಿನ ಆಂಟೋನಿಯೊ ಜಾಂತಾನಿ ಒಬ್ಬ. 1548ರಲ್ಲಿ ಆತ ಯಾಕೊಪೊ ಬಸ್ಸಾನೊ ಎಂಬ ಚಿತ್ರಕಾರನಿಗೆ ಎರಡು ಬೇಟೆನಾಯಿಗಳನ್ನು, ಅವನ್ನಷ್ಟೇ, ಬರೆದುಕೊಡಲು ಒಪ್ಪಿಸಿದ. ಬಸ್ಸಾನೊನ ಲೆಕ್ಕದ ಪುಸ್ತಕದಲ್ಲಿ ಇದರ ನಮೂದು ಇದೆ. ಮರದ ಮೋಟಿಗೆ ಕಟ್ಟಿಹಾಕಿದ ಎರಡು ನಾಯಿ, ಒಂದು ನಿಂತಿದೆ, ಒಂದು ಮಲಗಿದೆ. ಸಂತರಿಲ್ಲ, ದೊರೆಗಳಿಲ್ಲ, ಬೇಟೆಗಾರನೂ ಇಲ್ಲ. ಪಾಶ್ಚಾತ್ಯ ಚಿತ್ರಕಲೆಯಲ್ಲಿ ಪ್ರಾಣಿಗಳೇ ವ್ಯಕ್ತಿಗಳಾಗಿ ಕೂತ ಮೊದಲ ಚಿತ್ರಗಳಲ್ಲಿ ಇದನ್ನು ಎಣಿಸುತ್ತಾರೆ. ಈಗ ಅದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ.

ಈ ಕಸುಬಿಗೆ ಮಾನ ತಂದುಕೊಟ್ಟವನು ಇಂಗ್ಲೆಂಡಿನ ಎಡ್ವಿನ್ ಲ್ಯಾಂಡ್‌ಸೀಯರ್. 1836ರಲ್ಲಿ ಕೆಂಟ್‌ನ ಡಚೆಸ್ ತನ್ನ ಮಗಳ ಹದಿನೇಳನೆಯ ಹುಟ್ಟುಹಬ್ಬಕ್ಕೆ ಡ್ಯಾಶ್ ಎಂಬ ಸ್ಪ್ಯಾನಿಯಲ್ ನಾಯಿಯ ಚಿತ್ರವನ್ನು ಅವನಿಂದ ಬರೆಸಿದಳು. ಆ ಮಗಳೇ ಮರುವರ್ಷ ರಾಣಿಯಾದ ವಿಕ್ಟೋರಿಯಾ. 1838ರಲ್ಲಿ ಪಟ್ಟಾಭಿಷೇಕ ಮುಗಿಸಿ ಅರಮನೆಗೆ ಬಂದವಳು ಡ್ಯಾಶ್‌ಗೆ ಸ್ನಾನ ಮಾಡಿಸಿದಳು ಎಂಬ ಕಥೆ ಪ್ರಸಿದ್ಧ. 1841ರ ಕ್ರಿಸ್‌ಮಸ್ಸಿಗೆ ಗಂಡ ಆಲ್ಬರ್ಟನಿಗೆ ಕೊಡಲು ಅವಳೇ ಲ್ಯಾಂಡ್‌ಸೀಯರನಿಗೆ ಇನ್ನೊಂದು ಕೆಲಸ ಒಪ್ಪಿಸಿದಳು. ಅದು ಈಯಸ್, ಆಲ್ಬರ್ಟ್ ಜರ್ಮನಿಯಿಂದ ಜೊತೆಗೇ ಕರೆತಂದಿದ್ದ ಕರಿಯ ಗ್ರೇಹೌಂಡ್.

ಕಪ್ಪು ನಾಯಿ ಬರೆಯುವ ಕಷ್ಟ ಬರೆದವರಿಗೇ ಗೊತ್ತು. ಟ್ಯೂಬಿನ ಕಪ್ಪನ್ನು ಹಾಗೇ ಹಚ್ಚಿದರೆ ಕ್ಯಾನ್ವಾಸಿನಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ನಾನು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿ ಕಪ್ಪು ಮಾಡಿಕೊಳ್ಳುತ್ತೇನೆ. ಬೆನ್ನಿನ ಮೇಲೆ ಬೆಳಕು ಬೀಳುವ ಕಡೆ ನೀಲಿ ಹೆಚ್ಚು, ಹೊಟ್ಟೆಯ ಕಡೆ ಕಂದು ಹೆಚ್ಚು. ಲ್ಯಾಂಡ್‌ಸೀಯರನ ಈಯಸ್ ಮೈಯಲ್ಲಿ ಪಕ್ಕೆಲುಬಿನ ಏರಿಳಿತ, ತೊಡೆಯ ಬಿಗಿ ಎಲ್ಲವೂ ಆ ಕಪ್ಪಿನೊಳಗೇ ಕಾಣುತ್ತವೆ. ಪಕ್ಕದಲ್ಲಿ ಆಲ್ಬರ್ಟನ ಟೋಪಿ, ಕೈಗವಸು, ಕೋಲು. ಒಡೆಯ ಚಿತ್ರದಲ್ಲಿಲ್ಲ, ಹೊರಡುವವನಿದ್ದಾನೆ, ನಾಯಿ ಅವನಿಗಾಗಿ ಕಾಯುತ್ತಿದೆ. ಹೆಂಡತಿ ಗಂಡನಿಗೆ ಕೊಟ್ಟ ಉಡುಗೊರೆಯಲ್ಲಿ ಇದಕ್ಕಿಂತ ಆಪ್ತವಾದದ್ದು ನನಗೆ ಗೊತ್ತಿಲ್ಲ. ನಾಯಿಯ ಜೊತೆಗೆ ಇಡುವ ಒಂದು ವಸ್ತುವೇ ಚಿತ್ರವನ್ನು ಆ ಮನೆಯದನ್ನಾಗಿ ಮಾಡುತ್ತದೆ ಎಂದು ನಾನು ನಂಬಿರುವುದು ಈ ಟೋಪಿಯಿಂದ. ಈಗ ಬರೆಯುತ್ತಿರುವ ಮುಧೋಳ ನಾಯಿಯ ಮನೆಯವರು ಗೇಟಿನ ಕೆಳಗಂಬಿ ಬೇಕೆಂದಿದ್ದಾರೆ. ಹಾಲಿನವನು ಬರುವ ಹೊತ್ತಿಗೆ ಅದು ಅಲ್ಲಿ ಮುಂಗಾಲು ಊರಿ ನಿಲ್ಲುತ್ತಿತ್ತಂತೆ.

ಲ್ಯಾಂಡ್‌ಸೀಯರನ ಶಿಷ್ಯ ಫ್ರೆಡ್ರಿಕ್ ಕೈಲ್ 1861ರಲ್ಲಿ ವಿಕ್ಟೋರಿಯಾಗಾಗಿ ಬರೆದ ಪುಟ್ಟ ಪೆಕಿನೀಸ್ ನಾಯಿಯ ಚಿತ್ರವೂ ಇದೆ. ಹಿಂದಿನ ವರ್ಷ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗಿನ ಬೇಸಿಗೆ ಅರಮನೆಯನ್ನು ದೋಚಿದಾಗ ಸಿಕ್ಕ ನಾಯಿ ಅದು. ಅದಕ್ಕೆ ಲೂಟಿ ಎಂದೇ ಹೆಸರಿಟ್ಟರು. ಕೈಲ್‌ನ ಕೈಚಳಕವನ್ನು ಒಪ್ಪುತ್ತೇನೆ, ಆದರೆ ಆ ಚಿತ್ರ ನೋಡಿ ಸಂತೋಷಪಡಲು ನನ್ನಿಂದ ಆಗುವುದಿಲ್ಲ.

ನಾಯಿಯ ರೂಪವನ್ನು ಉಳಿಸಿಕೊಳ್ಳುವ ಆಸೆಯನ್ನು ಯುರೋಪಿನಿಂದ ಕಲಿತು ಬರಬೇಕಾದ ಗತಿ ನಮಗಿರಲಿಲ್ಲ. ಬಸ್ಸಾನೊಗಿಂತ ಸುಮಾರು ಆರುನೂರು ವರ್ಷ ಮೊದಲೇ, ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಒಂದು ನಾಯಿಯನ್ನು ಕಲ್ಲಿನಲ್ಲಿ ಕಡೆಸಿದ್ದಾರೆ. ಬಣ್ಣದ ಚಿತ್ರವಲ್ಲ, ಉಬ್ಬುಶಿಲ್ಪ. ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ದೊರೆ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮುಂದೆ ನಿಂತು ಕಾದಿದ ಮಣಲೇರನಿಗೆ, ಮೆಚ್ಚಿದೆ, ಬೇಕಾದ್ದು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಚೋಳನನ್ನು ಗೆದ್ದ ದೊರೆ ಎದುರಿಗೆ ನಿಂತು ಕೇಳು ಅನ್ನುವಾಗ ನಾಯಿಯ ಹೆಸರು ಬಾಯಿಗೆ ಬರಬೇಕಾದರೆ ಅವನ ಕಣ್ಣು ಅದರ ಮೇಲೆ ಎಷ್ಟು ದಿನದಿಂದ ಇದ್ದಿರಬೇಕು!

ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಅದರಲ್ಲಿ ನಾಯಿ ಕಾಲು ಮಡಚಿ ಒಡೆಯನ ಪಾದದ ಬಳಿ ಕೂತಿಲ್ಲ, ಹಂದಿಯ ಜೊತೆ ಕಾದುತ್ತಿದೆ. ಯೋಧರಿಗೆ ಸಲ್ಲಿಸುವ ಗೌರವವೇ ಇದು. ತಕ್ಕೋಲದ ಯುದ್ಧ ಹೇಗೆ ಮುಗಿಯಿತು ಎಂದು ತಿಳಿಯಲು ಇತಿಹಾಸಕಾರರು ಇವತ್ತಿಗೂ ಈ ನಾಯಿಯ ಕಲ್ಲನ್ನೇ ಓದುತ್ತಾರೆ. ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಚಿತ್ರ ಬರೆಸಬೇಕು ಅನ್ನುವವರಿಗೆಲ್ಲ, ಹೋಗಿ ನೋಡಿಕೊಂಡು ಬನ್ನಿ ಎಂದು ಹೇಳುತ್ತೇನೆ.

ಕಲ್ಲು ಕಡೆಸಿದವರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಅದರ ಮುಂದಿನ ಪಾಡನ್ನೂ ಯೋಚಿಸಿದ್ದರು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಕಲ್ಲನ್ನು ನೋಡಿಕೊಳ್ಳುವ ಗೊರವ ಅದಕ್ಕೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಬರೆಸಿದರು.