ರಟ್ಟಿನ ಮೇಲಿನ ಹೆಸರು, ಒಳಗಿನ ಕೈ

ಅಕ್ಕಂದಿರೆ, ತಂಗೀರೆ, ಒಂದು ಪುಸ್ತಕದ ರಟ್ಟಿನ ಮೇಲೆ ಒಬ್ಬರದೇ ಹೆಸರು ಇರ್ತದೆ. ಒಳಗೆ ಇನ್ನೂ ಯಾರ ಕೈ ಆಡದೆ ಅಂತ ನಾವು ಕೇಳಕ್ಕೇ ಹೋಗಲ್ಲ. ಮದುವೆ ಮನೇಲಿ ಊಟ ಚೆನ್ನಾಗಿತ್ತು ಅಂತ ಯಜಮಾನ್ರಿಗೆ ಹೇಳಿ ಬರ್ತೀವಿ. ಒಳಗೆ ಸಾರಿನ ಉಪ್ಪು ಹುಳಿ ನೋಡ್ದೋರು ಯಾರು ಅಂತ ವಿಚಾರಿಸ್ತೀವಾ? ಇದೂ ಹಂಗೇ ಕಣ್ರವ್ವ.

ಇದನ್ನೇ ಇಟ್ಕೊಂಡು 2016ರಲ್ಲಿ ‘ಜೀನಿಯಸ್’ ಅಂತ ಒಂದು ಇಂಗ್ಲಿಷ್ ಸಿನಿಮಾ ಬಂತು. ನಿಜವಾಗಿ ನಡೆದ ಕಥೆ. ಥಾಮಸ್ ವುಲ್ಫ್ ಅಂತ ಅಮೆರಿಕದ ಕಾದಂಬರಿಕಾರ, ಬರೆಯಕ್ಕೆ ಕೂತ್ರೆ ನಿಲ್ಲಿಸೋದೇ ಗೊತ್ತಿಲ್ಲ. ಆತ ತಂದು ಸುರಿದ ಕಾಗದದ ರಾಶಿಯನ್ನ ಮ್ಯಾಕ್ಸ್ ಪರ್ಕಿನ್ಸ್ ಅನ್ನೋ ಸಂಪಾದಕರು ಜೊತೇಲಿ ಕೂತು ಓದಿ, ಇದು ಬೇಕು, ಇದು ಬ್ಯಾಡ ಅಂತ ತೆಗೆಸಿ, 1929ರಲ್ಲಿ ಮೊದಲ ಕಾದಂಬರಿ ಹೊರಗೆ ತಂದರು. 1935ರಲ್ಲಿ ಎರಡನೇದು ಬಂತು. ಅದನ್ನ ವುಲ್ಫ್ ಪರ್ಕಿನ್ಸರಿಗೇ ಅರ್ಪಿಸಿದ. ಅಲ್ಲಿಂದ ಶುರುವಾಯ್ತು ಜನರ ಮಾತು. ‘ಪುಸ್ತಕ ಬರೆದಿದ್ದು ಇವನಲ್ಲ, ಸಂಪಾದಕರೇ’ ಅಂದ್ರು. ಆ ಮಾತು ವುಲ್ಫನ ಎದೆಗೆ ನಾಟಿ, ತಂದೆ ಥರ ಇದ್ದ ಪರ್ಕಿನ್ಸರನ್ನ ಬುಟ್ಟು ಹೊರಟೋದ. 1938ರಲ್ಲಿ, 37 ವರ್ಷಕ್ಕೇ ತೀರ್ಕೊಂಡ. ಸಾಯೋ ಮುಂಚೆ ಆಸ್ಪತ್ರೆಯಿಂದ ಪರ್ಕಿನ್ಸರಿಗೆ ಪ್ರೀತಿಯಿಂದ ಕಾಗದ ಬರೆದ. ಆತ ಉಳಿಸಿ ಹೋದ ರಾಶಿಯಿಂದ ಎಡ್ವರ್ಡ್ ಆಸ್ವೆಲ್ ಅನ್ನೋ ಬೇರೆ ಸಂಪಾದಕರು ಇನ್ನೂ ಕಾದಂಬರಿಗಳನ್ನ ಹೊರಗೆ ತಂದರು.

ಗಂಡಸರ ಕಥೆ ಇದು. ಅಲ್ಲಿ ಸಂಪಾದಕರಿಗೆ ಆಫೀಸು, ಮೇಜು, ಸಂಬಳ ಎಲ್ಲ ಇತ್ತು. ನಮ್ಮ ಕನ್ನಡದಲ್ಲಿ ಮನೆಗೆಲಸ ಮುಗಿಸಿ ಬರೆದ ಹೆಂಗಸರಿಗೆ ಯಾರಿದ್ರು? ಅವರು ಅರ್ಧದಲ್ಲಿ ಬುಟ್ಟು ಹೋದ್ರೆ ಯಾರು ನೋಡ್ಕೊಂಡ್ರು?

ತ್ರಿವೇಣಿ ಅವರನ್ನ ತಗೊಳ್ಳಿ. ‘ಬೆಳ್ಳಿಮೋಡ’, ‘ಶರಪಂಜರ’ ನೋಡದೆ ಇರೋರು ನಮ್ಮಲ್ಲಿ ಯಾರವ್ರೆ? ನಿಜವಾದ ಹೆಸರು ಅನಸೂಯಾ. ಬಿ.ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು. ಬಿ.ಎಂ. ಅಂದ್ರೆ ಬೆಳ್ಳೂರು ಮೈಲಾರಯ್ಯ, ಅದೇ ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂಗಿ ಆರ್ಯಾಂಬ ಪಟ್ಟಾಭಿ ಅವರೂ ಕಾದಂಬರಿಗಾರ್ತಿ, ಹುಟ್ಟಿದ್ದು ಮಂಡ್ಯದಲ್ಲಿ. ಅನಸೂಯಾ ಮನಃಶಾಸ್ತ್ರ ಓದಿದೋರು. 1953ರಲ್ಲಿ ‘ಅಪಸ್ವರ’ದಿಂದ ಶುರು ಮಾಡಿ ಹತ್ತೇ ವರ್ಷದಲ್ಲಿ ಹೆಚ್ಚೂಕಮ್ಮಿ ಇಪ್ಪತ್ತು ಕಾದಂಬರಿ ಬರೆದರು. ‘ಹುಚ್ಚು’ ಅಂತ ಜನ ಬಾಯಿ ಮುಚ್ಚಿಸ್ತಿದ್ದ ಹೆಂಗಸರ ಮನಸ್ಸಿನ ನೋವನ್ನ ಕಾಯಿಲೆ ಅಂತ, ವಾಸಿಯಾಗೋ ಕಾಯಿಲೆ ಅಂತ ಬಿಡಿಸಿ ಹೇಳ್ದೋರು ಅವರು.

1963ರ ಜುಲೈನಲ್ಲಿ ಹೆಣ್ಣು ಮಗು ಹುಟ್ಟಿತು. ಕೆಲವೇ ದಿನದಲ್ಲಿ, 29ನೇ ತಾರೀಕು, ತಾಯಿ ಹೋಗ್ಬುಟ್ರು. ವಯಸ್ಸು ಇನ್ನೂ 34. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ ಮಾಡಿದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಕಲ್ಪನಾ ಮುಖದಲ್ಲಿ ತಾವು ಸೃಷ್ಟಿಸಿದ ಹೆಣ್ಣನ್ನ ನೋಡೋ ಭಾಗ್ಯ ಅವರಿಗೆ ಬರಲಿಲ್ಲ.

ಆವಾಗ ಅರ್ಧಕ್ಕೆ ನಿಂತಿದ್ದ ಕಾದಂಬರಿಯ ಹೆಸರು ‘ಅವಳ ಮಗಳು’. ಹೆಸರು ಕೇಳಿದ್ರೇ ಹೊಟ್ಟೆ ಚುರ್ ಅಂತದೆ. ಅದನ್ನ ಮುಗಿಸಿಕೊಟ್ಟೋರು ಇನ್ನೊಬ್ಬ ಲೇಖಕಿ, ಎಂ.ಸಿ. ಪದ್ಮಾ.

ಈ ಕೆಲಸ ಎಂಥದ್ದು ಅಂತ ಸ್ವೆಟರ್ ಹೆಣೆಯೋರಿಗೆ ಚೆನ್ನಾಗಿ ಗೊತ್ತಾಯ್ತದೆ. ಒಬ್ಬರು ಅರ್ಧ ಹೆಣೆದು ಬುಟ್ಟಿದ್ದನ್ನ ಇನ್ನೊಬ್ಬರು ಕೈಗೆ ತಗೊಂಡ್ರೆ ಕಡ್ಡಿ ಅದೇ, ಉಲ್ಲನ್ನೂ ಅದೇ, ಆದ್ರೆ ಕೈಬಿಗಿ ಬೇರೆ. ವಸಿ ಸಡಿಲ ಆದ್ರೂ ಅಲ್ಲೊಂದು ಗೆರೆ ಕಾಣ್ತದೆ. ತನ್ನ ಕೈ ಬಿಗಿಯನ್ನ ಅವರ ಕೈಗೆ ಹೊಂದಿಸ್ಕೋಬೇಕು. ಚೆನ್ನಾಗಿ ಮುಗಿಸಿದ್ರೆ ಹೆಸರು ಅವರಿಗೆ, ಕೆಟ್ಟರೆ ಬೈಗುಳ ಇವರಿಗೆ. ಸ್ವತಃ ಬರೆಯೋ ಹೆಂಗಸು ಇನ್ನೊಬ್ಬ ಹೆಂಗಸಿನ ಕಥೆಗೆ ತನ್ನ ಸಮಯ ಕೊಡೋದು ಸಣ್ಣ ಮಾತಲ್ಲ.

ಅದಕ್ಕೂ ಮುಂಚೆ ಇನ್ನೊಂದು ಕಥೆ ಅದೆ. ಕೊಡಗಿನ ಗೌರಮ್ಮ, 1912ರಲ್ಲಿ ಹುಟ್ಟಿದೋರು. ಬರೀತಿದ್ದಿದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅಂತ. ಗಂಡನ ಹೆಸರಿನ ಸೆರಗಿನ ಹಿಂದೆ ನಿಂತು ವಿಧವೆಯರ ಪಾಡು, ಹೆಣ್ಣಿನ ಮನಸ್ಸು ಎಲ್ಲ ಬರೆದರು. 1939ರ ಏಪ್ರಿಲ್‌ನಲ್ಲಿ ಹೊಳೇಲಿ ಮುಳುಗಿ ಹೋದಾಗ 27 ವರ್ಷ. ಧಾರವಾಡದ ಬೇಂದ್ರೆಯವರು ಅವರನ್ನ ತಂಗಿ ಅಂತಲೇ ಕರೀತಿದ್ರು. ಗೌರಮ್ಮ ಹೋದ ಮೇಲೆ ಕಥೆಗಳು ‘ಕಂಬನಿ’ ಅಂತ ಪುಸ್ತಕ ಆದಾಗ ಅದಕ್ಕೆ ಮುನ್ನುಡಿ ಬರೆದೋರು ಬೇಂದ್ರೆ. ‘ತಂಗಿ ಗೌರಮ್ಮ’ ಅಂತ ಪದ್ಯಾನೂ ಬರೆದರು. ಇವತ್ತು ನಾವು ಅವರನ್ನ ಯಾರ ಮಿಸೆಸ್ ಅಂತಾನೂ ಅನ್ನಲ್ಲ, ಗೌರಮ್ಮ ಅಂತಲೇ ಅಂತೀವಿ.

ಈಗ ನಮ್ಮ ಜಿಲ್ಲೆಗೇ ಬನ್ನಿ. ಮದ್ದೂರಿಂದ ಬೆಂಗಳೂರಿಗೆ ಹಳೇ ರಸ್ತೇಲಿ ಹೋದ್ರೆ ರಾಮನಗರದ ಹತ್ರ ಜಾನಪದ ಲೋಕ ಸಿಗ್ತದಲ್ಲ, ಅದನ್ನ ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯೋರು. ದೊಡ್ಡ ಸರ್ಕಾರಿ ಅಧಿಕಾರಿ ಆಗಿದ್ದೋರು, ಹಳ್ಳಿ ಹೆಂಗಸರ ಪದಗಳನ್ನ ಕೇಳಿ ಬರೆಸಿ ಅಚ್ಚು ಹಾಕಿಸಿದ್ರು. ಅದರಲ್ಲಿ ಒಂದು ಪುಸ್ತಕದ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಗಮನಿಸಿ ಕಣ್ರಕ್ಕ, ಬರೀ ‘ಸೋಬಾನೆ ಪದಗಳು’ ಅಂತ ಇಟ್ಟಿದ್ರೂ ನಡೀತಿತ್ತು. ಆ ಹೆಸರಿಂದಾಗಿ ಪದ ಊರಿನದಾಗಿ ಕರಗಿ ಹೋಗಲಿಲ್ಲ, ಹಾಡಿದ ಚಿಕ್ಕಮ್ಮನದಾಗಿಯೇ ಉಳೀತು.

ಒಳ್ಳೆ ಸಂಪಾದಕರು ಅಂದ್ರೆ ಇಷ್ಟೇ ಅಂತ ನನಗನ್ನಿಸ್ತದೆ. ತಿದ್ದಬೇಕು, ತೆಗೀಬೇಕು, ಅರ್ಧ ಇದ್ರೆ ಮುಗಿಸ್ಬೇಕು, ಆದ್ರೆ ಮೊದಲ ಕೈಯ ಹೆಸರು ಅಳಿಸಬಾರದು. ಓದೋ ನಾವೂ ಎರಡನೇ ಕೈಯನ್ನ ಮರೀಬಾರದು. ತ್ರಿವೇಣಿ ಅಂದಾಗ ಒಂದ್ಸಾರಿಯಾದ್ರೂ ಪದ್ಮಾ ಅನ್ನಬೇಕು.

ಮಳವಳ್ಳಿ ಕಡೆ, ಮದ್ದೂರು ಕಡೆ ನಮ್ಮ ಅತ್ತೆ, ಚಿಕ್ಕಮ್ಮಂದಿರು ಇನ್ನೂ ಹಸೆಮಣೆ ಮುಂದೆ ಪದ ಹೇಳೋರವ್ರೆ. ಅವರು ಹೋದ ಮೇಲೆ ಮೊದಲ ಸಾಲು ಮಾತ್ರ ನೆನಪಿರ್ತದೆ, ಮುಂದಿನದ್ದು ಯಾರಿಗೂ ಬರಲ್ಲ. ಮಕ್ಕಳ ಹಳೇ ನೋಟ್ ಬುಕ್ಕಲ್ಲಿ ಖಾಲಿ ಹಾಳೆ ಎಲ್ಲರ ಮನೇಲೂ ಇರ್ತವೆ. ಈ ಕಾರ್ತೀಕ ಕಳೆಯೋದ್ರೊಳಗೆ ಒಬ್ಬೊಬ್ಬರು ಒಂದೊಂದು ಪದ ಪೂರ್ತಿ ಬರ್ಕೊಳ್ಳಿ. ಮೇಲ್ಗಡೆ ಹೇಳಿದೋರ ಹೆಸರು, ಊರು ಹಾಕಿ. ಕೆಳಗಡೆ ಸಣ್ಣದಾಗಿ ನಿಮ್ಮ ಹೆಸರೂ ಇರಲಿ.