ಸಾಧನಾ ಪ್ರೇರಣೆ: ಹೈದರಾಬಾದಿನ ತರಬೇತಿ

ವ್ಯಕ್ತಿತ್ವ ಬಾಲ್ಯದಲ್ಲೇ ಗಟ್ಟಿಯಾಗುತ್ತದೆ ಎಂಬುದು ಫ್ರಾಯ್ಡ್ ಪರಂಪರೆಯ ನಿಲುವು. ಅದನ್ನು ಪರೀಕ್ಷೆಗೊಡ್ಡಿದ ಪ್ರಯೋಗಗಳಲ್ಲಿ ಮುಖ್ಯವಾದೊಂದು ನಡೆದದ್ದು ಹೈದರಾಬಾದಿನಲ್ಲಿ, ಯೂಸುಫ್‌ಗೂಡದ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ಆಶ್ರಯದಲ್ಲಿ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲಂಡ್ 1964ರ ಸುಮಾರಿಗೆ ಕಾಕಿನಾಡದ ವ್ಯಾಪಾರಿಗಳನ್ನು ಕರೆಸಿ, ಅವರಲ್ಲಿ ಸಾಧಿಸಬೇಕೆಂಬ ತುಡಿತವನ್ನು, ಅಂದರೆ ಸಾಧನಾ ಪ್ರೇರಣೆಯನ್ನು ಬೆಳೆಸಲು ಚಿತ್ರ ನೋಡಿ ಕಥೆ ಬರೆಯುವ, ಗುರಿ ನಿಗದಿಪಡಿಸುವ ಅಭ್ಯಾಸ ಮಾಡಿಸಿದರು. ಆಮೇಲೆ ಈ ವ್ಯಾಪಾರಿಗಳು ತರಬೇತಿ ಪಡೆಯದವರಿಗಿಂತ ಹೆಚ್ಚು ಹೊಸ ಉದ್ಯಮ ಹೂಡಿದರು, ಹೆಚ್ಚು ಜನರಿಗೆ ಕೆಲಸ ಕೊಟ್ಟರು. ಜಾತಿಯಾಗಲಿ ಸಾಂಪ್ರದಾಯಿಕ ನಂಬಿಕೆಯಾಗಲಿ ಯಶಸ್ಸನ್ನು ನಿರ್ಧರಿಸಲಿಲ್ಲ. ನನಗೆ ಇದೇ ಅತಿ ಮಹತ್ವದ ಫಲಿತಾಂಶ.

ತರಬೇತಿಗೆ ಬಂದವರು ಮೊದಲೇ ಉತ್ಸಾಹಿಗಳಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಉತ್ಸಾಹ ಅವರಲ್ಲಿ ಹಿಂದೆಯೂ ಇದ್ದಿರಬೇಕು, ತರಬೇತಿಯ ನಂತರವಷ್ಟೇ ಅದು ಹೂಡಿಕೆಯಾಯಿತೇಕೆ? ಒಂದೇ ಊರಿನವರು ಒಟ್ಟಿಗೆ ಕಲಿತು, ಪರಸ್ಪರರೆದುರು ಗುರಿ ಹೇಳಿಕೊಂಡದ್ದು ಬಲ ಕೊಟ್ಟಿರಬೇಕು. ಹಾಗಾದರೆ ವ್ಯಕ್ತಿತ್ವ ಮತ್ತು ಸಾಮಾಜಿಕ ಪ್ರಭಾವವನ್ನು ಮನೋವಿಜ್ಞಾನದ ಪಠ್ಯಗಳಲ್ಲಿ ಬೇರೆಬೇರೆ ಅಧ್ಯಾಯಗಳಾಗಿ ಕಲಿಸುವುದು ತಪ್ಪು. ಸಾಲ, ಮಾರುಕಟ್ಟೆ ಇಲ್ಲದೆ ಪ್ರೇರಣೆಯೊಂದೇ ಸಾಲದು ಎಂಬ ಟೀಕೆಯೂ ನಿಜ. ಈ ಕೊರತೆಯನ್ನು ತುಂಬುವ ದಾರಿಗೆ ಉದಾಹರಣೆಯೂ ಇದೆ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ, ಸ್ವಉದ್ಯೋಗ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆಯಲ್ಲಿ ತರಬೇತಿಯ ಜೊತೆಗೆ ಬ್ಯಾಂಕುಗಳೂ ಕೈಜೋಡಿಸಿವೆ.