ಬೂತಾಯಿಯ ಎಣ್ಣೆ: ದೋಣಿಯ ಹಲಗೆಯಿಂದ ಔಷಧದ ಅಂಗಡಿಗೆ

ಕಾಪೂರ್‌ಬಾವಡಿಯಿಂದ ಹೊರಟು ಮಾನ್ಪಾಡಾ, ಕಾಸಾರವಡವಲಿಗಳನ್ನು ದಾಟಿ ಗಾಯ್‌ಮುಖದ ಕಡೆಗೆ ಸಾಗುವ ಘೋಡಬಂದರ್ ರಸ್ತೆಗೆ ಒಂದು ಮಗ್ಗುಲಲ್ಲಿ ಯೇವೂರಿನ ಬೆಟ್ಟವಿದೆ, ಇನ್ನೊಂದು ಮಗ್ಗುಲಲ್ಲಿ ವಸಯಿಯ ಖಾಡಿಯಿದೆ. ಕಡಲಾಚೆಯಿಂದ ಬಂದ ಕುದುರೆಗಳು ಇಳಿಯುತ್ತಿದ್ದ ಬಂದರು ಎಂಬುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಪೋರ್ಚುಗೀಸರು ಕಟ್ಟಿದ ಇಲ್ಲಿನ ಕೋಟೆ 1737ರಲ್ಲಿ ಮರಾಠರ ಕೈಸೇರಿತು, ಮುಂದೆ ಬ್ರಿಟಿಷರದಾಯಿತು. ಇಂದು ಆ ಚರಿತ್ರೆಯ ನೆನಪು ಬಸ್ಸಿನ ಫಲಕದಲ್ಲಿ ಉಳಿದಿದೆ. ರಸ್ತೆಯ ಇಕ್ಕೆಲಗಳಲ್ಲಿ ಎದ್ದಿರುವ ಗೋಪುರದಂಥ ವಸತಿ ಸಂಕೀರ್ಣಗಳಲ್ಲಿ ಉಡುಪಿ, ಕುಂದಾಪುರ, ಮಂಗಳೂರು, ಕಾರವಾರಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಅನೇಕರಿದ್ದಾರೆ.

ಈ ರಸ್ತೆಯಲ್ಲಿ ಒಂದೇ ವಸ್ತು ಎರಡು ವೇಷದಲ್ಲಿ ಮಾರಾಟಕ್ಕೆ ಕುಳಿತಿರುತ್ತದೆ. ಬೆಳಗಿನ ಹೊತ್ತು ಮೀನು ಮಾರುವ ಕೋಳಿ ಹೆಂಗಸಿನ ಬುಟ್ಟಿಯಲ್ಲಿ ಅದು ತಾರ್ಲಿ. ಪಾಪಲೇಟ್, ಸುರಮಯಿಗಳ ಪಕ್ಕದಲ್ಲಿ ಅದಕ್ಕೆ ಗೌರವ ಕಡಿಮೆ, ಬೆಲೆಯೂ ಕಡಿಮೆ. ನಾಲ್ಕು ಹೆಜ್ಜೆ ಆಚೆ ಔಷಧದ ಅಂಗಡಿಯ ಗಾಜಿನ ಕಪಾಟಿನಲ್ಲಿ ಹೊಂಬಣ್ಣದ ಗುಳಿಗೆಗಳಾಗಿ ಅದೇ ಜಾತಿಯ ಮೀನುಗಳ ಎಣ್ಣೆ ಕುಳಿತಿರುತ್ತದೆ. ಅಲ್ಲಿ ಅದರ ಹೆಸರು ಒಮೇಗಾ-3. ತುಳುವರು ಬೂತಾಯಿ ಎನ್ನುವ, ಕುಂದಾಪುರದವರು ಬೈಗೆ ಎನ್ನುವ, ಮಲಯಾಳಿಗಳು ಮತ್ತಿ ಎನ್ನುವ ಈ ಬಡವರ ಮೀನು ಔಷಧದ ಕಪಾಟನ್ನು ಏರಿದ್ದು ಹೇಗೆ? ಆ ಏರಿಕೆಯಲ್ಲಿ ಅದನ್ನು ಹಿಡಿದವರಿಗೂ ತಿಂದವರಿಗೂ ಏನು ಸಿಕ್ಕಿತು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ನಮ್ಮ ಕರಾವಳಿಯ ನೂರಿಪ್ಪತ್ತು ವರ್ಷಗಳ ಚರಿತ್ರೆಯ ಒಂದು ಎಳೆ ಕೈಗೆ ಸಿಗುತ್ತದೆ.

ಮೀನಿನ ಗುಣದೋಷಗಳ ವಿಚಾರ ನಮ್ಮಲ್ಲಿ ಹೊಸದಲ್ಲ. ಸುಶ್ರುತ ಸಂಹಿತೆ ನದಿಯ ಮೀನನ್ನೂ ಕಡಲಿನ ಮೀನನ್ನೂ ಬೇರೆಬೇರೆಯಾಗಿ ಇಟ್ಟು ಅವುಗಳ ಗುಣವನ್ನು ಹೇಳುತ್ತದೆ. ಚರಕ ಸಂಹಿತೆ ಮೀನನ್ನೂ ಹಾಲನ್ನೂ ಕೂಡಿಸಿ ಉಣ್ಣಬಾರದೆಂದು ವಿಧಿಸುತ್ತದೆ. ಆ ಮಾತನ್ನು ನಮ್ಮ ಅಜ್ಜಿಯರು ಇಂದಿಗೂ ಬಿಟ್ಟಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ವಿನೋದಕ್ಕೂ ಮೀನಿನ ಅಡುಗೆಗೂ ಜಾಗವಿದೆ. ಆ ಕಲ್ಯಾಣ ಬೀದರ ಸೀಮೆಯ ಬಸವಕಲ್ಯಾಣ. ಠಾಣೆಯ ಮಗ್ಗುಲಿನ ಕಲ್ಯಾಣವೆಂದು ನಮ್ಮವರೇ ಕೆಲವರು ಎಣಿಸುವುದುಂಟು. ಆದರೆ ಈ ಗ್ರಂಥಗಳೆಲ್ಲ ಮೀನಿನ ಮಾಂಸವನ್ನು ಕುರಿತವು. ಅದರ ಎಣ್ಣೆಯ ಕತೆ ಬೇರೆ.

ಪಡುವಣ ಕರಾವಳಿಯಲ್ಲಿ ಬೂತಾಯಿಯ ಎಣ್ಣೆ ಬಹುಕಾಲ ತಿನ್ನುವ ವಸ್ತುವಾಗಿರಲೇ ಇಲ್ಲ. ದೋಣಿಯ ಹಲಗೆಗೆ ನೀರು ಹಿಡಿಯದಂತೆ, ಹುಳು ಕೊರೆಯದಂತೆ ಅದನ್ನು ಬಳಿಯುತ್ತಿದ್ದರು. ಮಳೆಗಾಲ ಕಳೆದ ಮೇಲೆ ಹಿಂಡು ಹಿಂಡಾಗಿ ಬರುವ ಈ ಮೀನು ಊರು ತಿಂದು ಮುಗಿಸಲಾರದಷ್ಟು ಬಲೆಗೆ ಬಿದ್ದಾಗ, ಉಳಿದದ್ದನ್ನು ಮರಳಿನ ಮೇಲೆ ಹರಡಿ ಒಣಗಿಸಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಕೊಳೆಯಿಸಿ ತೆಗೆದ ಎಣ್ಣೆಗೆ ಕೆಟ್ಟ ವಾಸನೆ, ಅದಕ್ಕೆ ತಕ್ಕ ಬೆಲೆ.

ಇದನ್ನು ಬದಲಿಸಿದವರು ಸರ್ ಫ್ರೆಡರಿಕ್ ನಿಕೋಲ್ಸನ್. ಸಹಕಾರ ಸಂಘಗಳ ಕುರಿತ ವರದಿಯಿಂದ ಪ್ರಸಿದ್ಧರಾಗಿದ್ದ ಈ ನಿವೃತ್ತ ಅಧಿಕಾರಿ ಮದ್ರಾಸ್ ಸರ್ಕಾರಕ್ಕಾಗಿ ಮೀನುಗಾರಿಕೆಯ ಹೊಣೆ ಹೊತ್ತು, ಯುರೋಪ್ ಮತ್ತು ಜಪಾನ್‌ಗಳ ಪದ್ಧತಿಗಳನ್ನು ನೋಡಿಕೊಂಡು ಬಂದರು. 1907ರಲ್ಲಿ ಮದ್ರಾಸಿನ ಮೀನುಗಾರಿಕಾ ಶಾಖೆ ರೂಪುಗೊಂಡಿತು. ಮಲಬಾರಿನ ತಾನೂರಿನ ಪ್ರಯೋಗ ಕೇಂದ್ರದಲ್ಲಿ ಅವರು ತೋರಿಸಿಕೊಟ್ಟ ವಿಧಾನ ಸರಳವಾಗಿತ್ತು. ಮೀನು ತಾಜಾ ಇರುವಾಗಲೇ ಹಂಡೆಯಲ್ಲಿ ಬೇಯಿಸುವುದು, ತಿರುಪಿನ ಗಾಣದಲ್ಲಿ ಒತ್ತಿ ಎಣ್ಣೆ ತೆಗೆಯುವುದು, ಉಳಿದ ಹಿಂಡಿಯನ್ನು ಒಣಗಿಸಿ ಗೊಬ್ಬರವಾಗಿ ಮಾರುವುದು. ದೊಡ್ಡ ಬಂಡವಾಳ ಬೇಡದ ಈ ಉದ್ಯೋಗವನ್ನು ಕರಾವಳಿಯ ಜನ ಬೇಗ ಕಲಿತರು. ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದುದ್ದಕ್ಕೂ ನೂರಾರು ಎಣ್ಣೆಮನೆಗಳು ಎದ್ದವು. ಆ ಎಣ್ಣೆ ಚರ್ಮ ಹದಮಾಡುವವರಿಗೆ, ಸಾಬೂನು ಮಾಡುವವರಿಗೆ ಹೋಯಿತು. ಹಿಂಡಿ ಕಾಫಿ, ತೆಂಗಿನ ತೋಟಗಳಿಗೆ ಹೋಯಿತು. ನಿಕೋಲ್ಸನ್ನರ ಬಳಿಕ ಬಂದ ಜೇಮ್ಸ್ ಹಾರ್ನೆಲ್, ಎಂ. ರಾಮಸ್ವಾಮಿ ನಾಯ್ಡು ಅವರೊಡನೆ ಈ ಮೀನಿನ ಜೀವನಕ್ರಮವನ್ನು ಶೋಧಿಸಿ 1920ರ ದಶಕದ ಆರಂಭದಲ್ಲಿ ಬರೆದರು. ಮಳೆಗಾಲದಲ್ಲಿ ಮೊಟ್ಟೆಯಿಡುವ ಹೊತ್ತಿಗೆ ಬಡಕಲಾಗುವ ಬೂತಾಯಿ, ಅನಂತರ ಕಡಲಿನ ಸೂಕ್ಷ್ಮ ಪಾಚಿಯನ್ನು ಮೇಯ್ದು ಚಳಿಗಾಲದ ಹೊತ್ತಿಗೆ ಕೊಬ್ಬುತ್ತದೆ. ‘ದೀಪಾವಳಿಯ ಮೇಲಿನ ಬೂತಾಯಿಗೆ ಬಾಣಲೆಯಲ್ಲಿ ಎಣ್ಣೆ ಬೇಡ’ ಎನ್ನುವ ಮನೆಯ ಅನುಭವಕ್ಕೂ ಆ ಶೋಧಕ್ಕೂ ಭೇದವಿಲ್ಲ.

ಅದೇ ಹೊತ್ತಿಗೆ ಯುರೋಪಿನಲ್ಲಿ ಇನ್ನೊಂದು ಮೀನಿನೆಣ್ಣೆ ಔಷಧವಾಗಿ ಹೆಸರು ಮಾಡಿತ್ತು. ಉತ್ತರದ ಕಡಲಿನ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಹದಿನೆಂಟನೆಯ ಶತಮಾನದಲ್ಲೇ ಮ್ಯಾಂಚೆಸ್ಟರಿನ ವೈದ್ಯರು ಕೀಲುನೋವಿಗೆ ಕೊಡುತ್ತಿದ್ದರು. ಏಕೆ ಗುಣವಾಗುತ್ತದೆ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1919ರ ಸುಮಾರಿಗೆ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಎಲುಬು ಬಾಗುವ ರಿಕೆಟ್ಸ್ ರೋಗವನ್ನು ಈ ಎಣ್ಣೆ ತಡೆಯುತ್ತದೆಂದು ತೋರಿಸಿದರು. 1922ರಲ್ಲಿ ಎಲ್ಮರ್ ಮೆಕಾಲಂ ಅದರಲ್ಲಿ ಎರಡು ಬೇರೆ ಸತ್ವಗಳಿವೆಯೆಂದು ಸಿದ್ಧಪಡಿಸಿದರು. ಕಣ್ಣನ್ನು ಕಾಯುವುದು ಎ ಜೀವಸತ್ವ, ಎಲುಬನ್ನು ಕಾಯುವುದು ಡಿ ಜೀವಸತ್ವ. ಇರುಳುಗುರುಡಿಗೆ ಆಡಿನ ಯಕೃತ್ತನ್ನು ಕೊಡಬೇಕೆಂಬ ಸುಶ್ರುತನ ಮಾತಿಗೂ ಇದರಿಂದ ಒಂದು ಕಾರಣ ದೊರೆಯಿತು.

ಎರಡನೆಯ ಮಹಾಯುದ್ಧ ಈ ಎರಡು ಕತೆಗಳನ್ನು ಕೂಡಿಸಿತು. ಯುರೋಪಿನಿಂದ ಕಾಡ್ ಎಣ್ಣೆ ಬರುವುದು ನಿಂತಾಗ ಇಲ್ಲಿನ ಆಸ್ಪತ್ರೆಗಳಿಗೆ ಬದಲಿ ಬೇಕಾಯಿತು. ಕಣ್ಣಮುಂದಿದ್ದುದು ಶಾರ್ಕ್, ತುಳುವರ ತಾಟೆ, ಮರಾಠಿಗರ ಮೋರಿ. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಅದರ ಸಾರನ್ನು ಕೊಡುವ ರೂಢಿ ಕೊಂಕಣದಿಂದ ಮಂಗಳೂರಿನವರೆಗೆ ಇದೆ. ಅದರ ಯಕೃತ್ತಿನ ಎಣ್ಣೆಯಲ್ಲಿ ಎ ಜೀವಸತ್ವ ಕಾಡ್ ಎಣ್ಣೆಗಿಂತ ಹಲವು ಪಟ್ಟು ಹೆಚ್ಚು ಎಂದು ಕಂಡುಬಂದಾಗ ಮದ್ರಾಸ್ ಸರ್ಕಾರ ಕಲ್ಲಿಕೋಟೆಯಲ್ಲೂ ಬೊಂಬಾಯಿ ಸರ್ಕಾರ ಇಲ್ಲಿಯೂ ಅದರ ತಯಾರಿಕೆಗೆ ಕೈಹಾಕಿದವು. ಅದುವರೆಗೆ ಎಸೆಯುತ್ತಿದ್ದ ಯಕೃತ್ತಿಗೆ ಮೀನುಗಾರರಿಗೆ ಹಣ ಸಿಗತೊಡಗಿತು. ಆದರೆ ಈ ಭಾಗ್ಯ ಬಹುಕಾಲ ಉಳಿಯಲಿಲ್ಲ. 1940ರ ದಶಕ ಮುಗಿಯುವುದರೊಳಗೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ಎ ಜೀವಸತ್ವವನ್ನು ಕಾರ್ಖಾನೆಯಲ್ಲೇ ತಯಾರಿಸುವ ದಾರಿ ಸಿದ್ಧವಾಯಿತು, ಶಾರ್ಕಿನ ಎಣ್ಣೆಯ ಬೇಡಿಕೆ ಕುಸಿಯಿತು. 1970ರಲ್ಲಿ ಭಾರತ ಸರ್ಕಾರ ಮಕ್ಕಳ ಕುರುಡನ್ನು ತಡೆಯಲು ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ಟಿನ ಎ ಜೀವಸತ್ವ ಕೊಡುವ ಕಾರ್ಯಕ್ರಮ ಆರಂಭಿಸಿದಾಗ ಬಳಕೆಗೆ ಬಂದದ್ದು ಕಾರ್ಖಾನೆಯ ವಸ್ತುವೇ. ಲಕ್ಷಾಂತರ ಮಕ್ಕಳಿಗೆ ಅದು ಒಳಿತನ್ನೇ ಮಾಡಿತು ಎನ್ನುವುದನ್ನು ಮರೆಯಬಾರದು.

ಬೂತಾಯಿಯ ಸರದಿ ಬಂದದ್ದು ಇದಾದ ಮೇಲೆ. ಡೆನ್ಮಾರ್ಕಿನ ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂರ್‌ಬರ್ಗ್ ಎಂಬ ವೈದ್ಯರು ಗ್ರೀನ್‌ಲ್ಯಾಂಡಿಗೆ ಹೋಗಿ, ಸೀಲ್ ಮತ್ತು ಮೀನು ತಿಂದು ಬದುಕುವ ಇನ್ಯುಯಿಟ್ ಜನರ ರಕ್ತವನ್ನು ಪರೀಕ್ಷಿಸಿ 1971ರಲ್ಲಿ ವರದಿ ಮಾಡಿದರು. ಅಷ್ಟು ಕೊಬ್ಬು ತಿಂದರೂ ಅವರ ರಕ್ತದಲ್ಲಿ ಕೆಟ್ಟ ಕೊಬ್ಬು ಕಡಿಮೆಯಿತ್ತು. ಅದಕ್ಕೆ ಕಾರಣವೆಂದು ಮುಂದೆ ಗುರುತಿಸಿದ್ದು ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಕೊಬ್ಬಿನಾಮ್ಲಗಳನ್ನು. ಇವನ್ನು ಮೀನು ತಾನೇ ತಯಾರಿಸುವುದು ಅತ್ಯಲ್ಪ. ಕಡಲಿನ ಸೂಕ್ಷ್ಮ ಪಾಚಿ ತಯಾರಿಸಿದ್ದನ್ನು ಮೇಯ್ದು ತನ್ನ ಮೈಯಲ್ಲಿ ಕೂಡಿಡುತ್ತದೆ. ಡಿಎಚ್‌ಎ ನಮ್ಮ ಮೆದುಳಿನ, ಅಕ್ಷಿಪಟಲದ ಕೋಶಪೊರೆಗಳ ಮುಖ್ಯ ಅಂಶ. ಇಪಿಎ ರಕ್ತ ಹೆಪ್ಪುಗಟ್ಟುವ, ಉರಿಯೂತ ಏಳುವ ಕ್ರಿಯೆಗಳನ್ನು ಮಂದಗೊಳಿಸುತ್ತದೆ. ಎರಡೂ ಕೂಡಿ ರಕ್ತದ ಟ್ರೈಗ್ಲಿಸರೈಡನ್ನು ಇಳಿಸುತ್ತವೆ. ದೋಣಿಗೆ ಬಳಿದದ್ದು, ಚರ್ಮಕ್ಕೆ ಉಜ್ಜಿದ್ದು ಇದೇ ಎಣ್ಣೆ.

ಇಷ್ಟಾದ ಮೇಲೆ ಗುಳಿಗೆಯ ವ್ಯಾಪಾರ ಬೆಳೆಯಿತು. ಇಲ್ಲಿ ಚರಿತ್ರಕಾರನು ಸ್ವಲ್ಪ ನಿಲ್ಲಬೇಕು. 1999ರಲ್ಲಿ ಇಟಲಿಯಲ್ಲಿ ಹೃದಯಾಘಾತವಾಗಿ ಬದುಕುಳಿದ 11,324 ಮಂದಿಯ ಮೇಲೆ ನಡೆದ ಅಧ್ಯಯನ, ದಿನಕ್ಕೆ 1 ಗ್ರಾಂ ಎಣ್ಣೆಯಿಂದ ಸಾವು ಕಡಿಮೆಯಾಯಿತೆಂದು ಹೇಳಿತು. 2018ರಲ್ಲಿ ಅಮೆರಿಕದಲ್ಲಿ 25,871 ಮಂದಿ ಸಾಮಾನ್ಯ ಜನರ ಮೇಲೆ ನಡೆದ ಅಧ್ಯಯನದಲ್ಲಿ ಅದೇ 1 ಗ್ರಾಂ, ಹೃದಯ ಮತ್ತು ರಕ್ತನಾಳದ ಮುಖ್ಯ ಆಪತ್ತುಗಳನ್ನಾಗಲಿ ಕ್ಯಾನ್ಸರನ್ನಾಗಲಿ ಗಮನಾರ್ಹವಾಗಿ ತಗ್ಗಿಸಲಿಲ್ಲ. ಟ್ರೈಗ್ಲಿಸರೈಡ್ ಹೆಚ್ಚಿದ್ದ ಹೃದ್ರೋಗದ ಅಪಾಯವುಳ್ಳವರಿಗೆ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ ಲಾಭ ಕಂಡಿತು. ಇಪಿಎ, ಡಿಎಚ್‌ಎ ಎರಡನ್ನೂ ಕೂಡಿಸಿ ಕೊಟ್ಟ ಮತ್ತೊಂದರಲ್ಲಿ ಕಾಣಲಿಲ್ಲ. ಗ್ರೀನ್‌ಲ್ಯಾಂಡಿನ ಜನರಿಗೆ ಹೃದ್ರೋಗವೇ ಅಪರೂಪ ಎಂಬ ಮೂಲ ಮಾತಿಗೆ ಗಟ್ಟಿ ಆಧಾರವಿರಲಿಲ್ಲವೆಂದು 2014ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಹಾಗೆಂದು ಮೀನಿನ ಗುಣ ಸುಳ್ಳಾಗಲಿಲ್ಲ. ವಾರಕ್ಕೆರಡು ಸಲ, ಅದರಲ್ಲೂ ಕೊಬ್ಬುಳ್ಳ ಮೀನು ತಿನ್ನುವುದು ಒಳ್ಳೆಯದೆಂದು ಹೃದಯತಜ್ಞರ ಸಂಸ್ಥೆಗಳು ಇಂದಿಗೂ ಹೇಳುತ್ತವೆ. ತಟ್ಟೆಯ ಬೂತಾಯಿಯಲ್ಲಿ ಎಣ್ಣೆಯೊಡನೆ ಸಸಾರಜನಕ, ಡಿ ಜೀವಸತ್ವ, ಬಿ12, ಸೆಲೆನಿಯಂ, ಮೆತ್ತಗೆ ಬೆಂದ ಮುಳ್ಳಿನ ಕ್ಯಾಲ್ಸಿಯಂ ಎಲ್ಲವೂ ಇವೆ. ಕಡಲಿನ ಆಹಾರ ಸರಪಳಿಯಲ್ಲಿ ಕೆಳಗಿರುವ ಈ ಸಣ್ಣ ಮೀನಿನಲ್ಲಿ, ದೊಡ್ಡ ಶಾರ್ಕಿನಲ್ಲಿರುವಂತೆ ಪಾದರಸ ಸೇರಿಕೊಳ್ಳುವುದಿಲ್ಲ. ಮೀನು ಮುಟ್ಟದ ಮನೆಗಳಿಗೆ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿ ಇದೆ. ಅಗಸೆಯ ಒಮೇಗಾ-3ರಲ್ಲಿ ನಮ್ಮ ಮೈ ಇಪಿಎ, ಡಿಎಚ್‌ಎಗಳಾಗಿ ಮಾರ್ಪಡಿಸಿಕೊಳ್ಳುವುದು ಸ್ವಲ್ಪವೇ ಆದರೂ ಅದು ವ್ಯರ್ಥವಲ್ಲ. ನೇರವಾಗಿ ಪಾಚಿಯಿಂದ ತೆಗೆದ ಡಿಎಚ್‌ಎಯೂ ಈಗ ಸಿಗುತ್ತದೆ.

ಈಗ ಹಿಡಿಯುವವರ ಕಡೆ ತಿರುಗೋಣ. ಬೂತಾಯಿಯ ಬರವು ಎಂದೂ ನಂಬುವಂಥದಲ್ಲ. 1940ರ ದಶಕದಲ್ಲಿ ಅದು ಎಷ್ಟು ಕ್ಷೀಣಿಸಿತೆಂದರೆ 1943ರಲ್ಲಿ ಮದ್ರಾಸ್ ಸರ್ಕಾರ ಮರಿಗಳನ್ನೂ ಮೊಟ್ಟೆಯ ಮೀನುಗಳನ್ನೂ ಹಿಡಿಯದಂತೆ ನಿರ್ಬಂಧ ಹೇರಿತು. ಅಂದಿನ ದಕ್ಷಿಣ ಕನ್ನಡದಲ್ಲಿ ಈ ಮೀನನ್ನು ದಡಕ್ಕೆ ಎಳೆದು ತರುತ್ತಿದ್ದುದು ರಂಪಣಿ ಬಲೆ. ಹತ್ತಾರು ಮಂದಿ ಕೂಡಿ ಒಂದು ರಂಪಣಿಯನ್ನು ನಡೆಸುತ್ತಿದ್ದರು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಇರುತ್ತಿತ್ತು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದು ಹಿಂಡು ದಡ ಮುಟ್ಟುವ ಮೊದಲೇ ಬಳಸಿ ಹಿಡಿಯತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆಗೆ ಸರಿದವು, ಅವುಗಳೊಂದಿಗೆ ಪಾಲಿನ ಲೆಕ್ಕವೂ. ಅಷ್ಟು ಮೀನಿಗೆ ತಕ್ಕಂತೆ ಮಂಗಳೂರು, ಉಡುಪಿ ಸೀಮೆಯಲ್ಲಿ ಮೀನಿನ ಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳು ಬೆಳೆದವು. ಹಿಟ್ಟು ಕೋಳಿಗಳಿಗೆ, ಸಾಕಣೆಯ ಸೀಗಡಿಗೆ, ಎಣ್ಣೆ ಹೊರದೇಶಗಳಿಗೆ. ನಿಕೋಲ್ಸನ್ನರ ಎಣ್ಣೆಮನೆ ದೊಡ್ಡದಾಗಿ ಮರಳಿ ಬಂದಂತಾಯಿತು. ಈ ನಡುವೆ ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಮತ್ತಿ, 2021ರಲ್ಲಿ 3,297 ಟನ್ನಿಗೆ ಇಳಿಯಿತೆಂದು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಹೇಳಿತು. ಕಡಲಿನ ಬಿಸಿ, ಮಳೆಯ ಏರುಪೇರು, ಮೇವಿನ ಕೊರತೆ, ಅತಿಯಾದ ಬೇಟೆ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಸಿಗದ ವರ್ಷಗಳಲ್ಲಿ ಬೂತಾಯಿಯ ಬೆಲೆ ಬಡವನ ಕೈಗೆ ಎಟುಕದಷ್ಟು ಏರಿತು.

ಮುಂಬಯಿಯ ಕನ್ನಡಿಗರಿಗೆ ಈ ಕತೆ ದೂರದ್ದಲ್ಲ. ಹಿಂದಿನ ಶತಮಾನದ ಆರಂಭದಲ್ಲೇ ಮೊಗವೀರರು ಇಲ್ಲಿಗೆ ಬಂದು, 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. 1875ರಲ್ಲಿ ಸಿದ್ಧವಾದ ಸಸೂನ್ ಡಾಕ್‌ನಿಂದ ಹೊರಡುವ ದೋಣಿಗಳಲ್ಲಿ ಕಲಾಸಿಗಳಾಗಿ, ತಾಂಡೇಲರಾಗಿ ದುಡಿದವರಲ್ಲಿ ಅವರು ಬಹಳ ಮಂದಿ. ಊರಿನಿಂದ ಒಣಮೀನಿನ ಪೊಟ್ಟಣ ತಂದು, ಇಲ್ಲಿ ತಾರ್ಲಿಯನ್ನು ಕಂಡು ಇದು ನಮ್ಮ ಬೂತಾಯಿಯೇ ಎಂದು ಗುರುತು ಹಿಡಿದು ಪುಳಿಮುಂಚಿ ಮಾಡಿದವರು ಅವರು. ಅವರ ಮೊಮ್ಮಕ್ಕಳಲ್ಲಿ ಹಲವರಿಗೆ ಇಂದು ಮುಳ್ಳು ಬಿಡಿಸುವ ಅಭ್ಯಾಸವಿಲ್ಲ, ಅಪಾರ್ಟ್‌ಮೆಂಟಿನ ಮೊಗಸಾಲೆಯಲ್ಲಿ ವಾಸನೆ ಹರಡೀತೆಂಬ ಅಂಜಿಕೆಯೂ ಇದೆ. ಆದ್ದರಿಂದ ಗುಳಿಗೆ ಸುಲಭವಾಗಿ ಕಾಣುತ್ತದೆ. ರಕ್ತ ತಿಳಿಯಾಗುವ ಮದ್ದು ಸೇವಿಸುವವರೂ ಹೃದಯದ ಬಡಿತ ತಪ್ಪುವವರೂ ಹೆಚ್ಚು ಪ್ರಮಾಣದ ಗುಳಿಗೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ವೈದ್ಯರು ಬರೆದುಕೊಟ್ಟವರು ಅದನ್ನು ಬಿಡಲೂಬಾರದು. ಉಳಿದವರು ಮುಂದಿನ ಆದಿತ್ಯವಾರ ಔಷಧದಂಗಡಿಗೆ ಹೋಗುವ ಮುನ್ನ ಆ ಕೋಳಿ ಹೆಂಗಸಿನ ಬುಟ್ಟಿಯ ಎದುರು ಒಂದು ಗಳಿಗೆ ನಿಲ್ಲಬಹುದು. ಅಲ್ಲಿ ಕೊಟ್ಟ ಹಣದಲ್ಲಿ ಮೀನು ಹಿಡಿದವನಿಗೂ ಮಾರಿದವಳಿಗೂ ಒಂದು ಪಾಲು ಇರುತ್ತದೆ. ಮಕ್ಕಳಿಗೆ ಮುಳ್ಳು ಬಿಡಿಸಿ ತಿನ್ನುವುದನ್ನು ಕಲಿಸುವ ಕೆಲಸ ನಮ್ಮದು.